ಕಿಟಕಿಯಿಲ್ಲದ ಗೋಡೆಗೆ ಪರದೆ

ಆ ಹಡಗಿಗೆ ಪ್ರವಾಸಕ್ಕೆಂದು ಬಂದವರು ಯಾರೂ ಇಲ್ಲ. ಎಲ್ಲರೂ ಅಲ್ಲೇ ಮನೆ ಮಾಡಿಕೊಂಡವರು. ಹಡಗು ವರ್ಷವಿಡೀ ಬಂದರಿನಿಂದ ಬಂದರಿಗೆ ಸುತ್ತುತ್ತದೆ. ಅವರು ಲೋಟ ತೊಳೆಯುತ್ತಾರೆ, ಬಟ್ಟೆ ಮಡಿಸುತ್ತಾರೆ, ಪಕ್ಕದವರ ರೇಡಿಯೋ ಜೋರಾಯಿತೆಂದು ಗೊಣಗುತ್ತಾರೆ. ಕೆಳಗಿನ ಅಂತಸ್ತಿನ ಓಣಿಯಲ್ಲಿ ಕೊನೆಯ ಕೋಣೆ ಟೈಲರಮ್ಮನದು.

ಅರ್ಧ ಆಯಸ್ಸು ಅವರು ಬಸ್ ನಿಲ್ದಾಣದ ಹಿಂದಿನ ಇಕ್ಕಟ್ಟಿನ ಅಂಗಡಿಯಲ್ಲಿ ತಂಗಿಯ ಜೊತೆ ಬಟ್ಟೆ ಹೊಲಿದಿದ್ದರು. ಅಕ್ಕ ಅಳೆದು ಕತ್ತರಿಸಿದರೆ ತಂಗಿ ಅಂಚು ಮಡಿಸುತ್ತಿದ್ದಳು. ಮಕ್ಕಳಿಲ್ಲ. ಗಂಡ ತೀರಿಕೊಂಡ ಮೇಲೆ ಮನೆ, ಅಂಗಡಿ ಎರಡನ್ನೂ ಮಾರಿ ಹಡಗು ಹತ್ತಿದಾಗ ನೆಂಟರೆಲ್ಲ ತಲೆ ಕೆಟ್ಟಿದೆ ಎಂದರು. ಅವರ ಕೈಗೆಟುಕಿದ್ದು ಕಿಟಕಿಯಿಲ್ಲದ ಕೋಣೆ. ಬಂದ ಮೊದಲ ವಾರವೇ ಬರಿಯ ಗೋಡೆಗೆ ನೀಲಿ ಪರದೆ ಹೊಲಿದು ಇಳಿಬಿಟ್ಟರು. ಹೊಲಿಗೆ ಯಂತ್ರ ಅದರ ಎದುರಿಗೆ. ಓಣಿಯವರ ಕಿತ್ತುಹೋದ ಗುಂಡಿ, ಕೆಟ್ಟ ಜಿಪ್ಪುಗಳೆಲ್ಲ ನಿಧಾನವಾಗಿ ಅವರ ಬಳಿ ಬಂದವು. ಊರಲ್ಲಿ ಎಷ್ಟೋ ದಿನ ಯಾರೂ ತಟ್ಟದೆ ಇದ್ದ ಬಾಗಿಲಿನ ನೆನಪಿದ್ದ ಅವರಿಗೆ ಈ ಬಾಗಿಲಿನ ಸದ್ದು ಸಾಕಾಗುತ್ತಲೇ ಇರಲಿಲ್ಲ.

ಹಡಗು ಬಂದರಿನಲ್ಲಿ ನಿಂತಿದ್ದ ಒಂದು ಬೆಳಿಗ್ಗೆ ತಂಗಿ ಬಂದಳು. ಬಂದವಳೇ ಪರದೆ ಸರಿಸಿ ನೋಡಿದಳು.

"ಇದೇನಕ್ಕಾ, ಹಿಂದೆ ಕಿಟಕಿನೇ ಇಲ್ಲ?"

"ಕಿಟಕಿ ಇರೋರೂ ಅರ್ಧ ದಿನ ಪರದೆ ಮುಚ್ಕೊಂಡೇ ಇರ್ತಾರೆ ಬಿಡು."

ತಂಗಿ ನಕ್ಕಳು. ಆದರೆ ಅವಳ ಚೀಲದಲ್ಲಿ ಊರಿನ ರೈಲಿಗೆ ಎರಡು ಟಿಕೆಟ್ ಇದ್ದವು. "ನಾಳೆ ಇಬ್ರೂ ಹೋಗೋಣ, ಟಿಕೆಟ್ ತಂದಿದ್ದೀನಿ. ಕಣ್ಣು ಮೊದಲಿನ ಹಾಗಿಲ್ಲ ಅಂತ ಫೋನಲ್ಲಿ ನೀನೇ ಹೇಳಿದ್ಯಲ್ಲ."

"ದಾರ ಪೋಣಿಸೋಕೆ ಸ್ವಲ್ಪ ಹೊತ್ತು ಹಿಡಿಯುತ್ತೆ ಅಂದಿದ್ದೆ. ಕಣ್ಣೇ ಹೋಯ್ತು ಅನ್ಲಿಲ್ಲ."

ಆಗಲೇ ಬಾಗಿಲು ಸದ್ದಾಯಿತು. ಎದುರು ಕೋಣೆಯ ನರ್ಸಮ್ಮ, ಆಸ್ಪತ್ರೆಯಿಂದ ನಿವೃತ್ತರಾದವರು. ಟೈಲರಮ್ಮ ಹೊಲಿದುಕೊಟ್ಟ ಹೊಸ ಸ್ಕರ್ಟು ತೊಟ್ಟಿದ್ದರು.

"ಬೇಜಾರು ಮಾಡ್ಕೋಬೇಡಿ. ಸಂಜೆ ಮಗಳು ದಡಕ್ಕೆ ಊಟಕ್ಕೆ ಕರೆದಿದ್ದಾಳೆ. ಕನ್ನಡಿ ಮುಂದೆ ನಿಂತ್ರೆ ನಾನೇ ವಾಲಿದ ಹಾಗೆ ಕಾಣ್ತೀನಿ."

ತಂಗಿ ಮೊಣಕಾಲೂರಿ ಅಂಚು ನೋಡಿದಳು. ಎಡಕ್ಕೆ ಒಂದು ಬೆರಳಿನಷ್ಟು ಇಳಿದಿತ್ತು. "ಅಕ್ಕಾ," ಎಂದಳು ಮೆಲ್ಲಗೆ, "ನೀನು ಇಂಥ ಕೆಲಸ ಮಾಡೋಳಲ್ಲ." ಆ ದನಿಯಲ್ಲಿ ಎಂದಿನ ಕೀಟಲೆ ಇರಲಿಲ್ಲ.

ಟೈಲರಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ನೆಲಕ್ಕೆ ಅಳತೆಕೋಲು ಊರಿಯೇ ಅಳೆದದ್ದು. ಸುತ್ತ ಒಂದೇ ಅಳತೆಗೆ ಗುರುತು ಹಾಕಿದ್ದೆ."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಎಂದಳು ತಂಗಿ.

ಅಕ್ಕನಿಗೆ ನಗು ಬರಲಿಲ್ಲ. ಕಣ್ಣು ನಿಜಕ್ಕೂ ಕೈಕೊಟ್ಟಿದ್ದರೆ? ಇನ್ನು ಬಾಗಿಲು ತಟ್ಟುವವರು ಯಾರು? ಚೀಲದೊಳಗಿನ ಎರಡನೆಯ ಟಿಕೆಟ್ಟೇ ಸರಿಯೇನೋ ಎನ್ನಿಸಿ ಅವರು ಮುಖ ತಿರುಗಿಸಿದರು.

ಎದುರಿಗೆ ಪರದೆಯಿತ್ತು. ಗೋಡೆಗೆ ಅಂಟಿದಂತೆ ಸುಮ್ಮನೆ ಇಳಿಬಿದ್ದಿತ್ತು. ನರ್ಸಮ್ಮನ ಅಳತೆ ತೆಗೆದ ದಿನ ಅದು ಹಾಗಿರಲಿಲ್ಲ. ಹಡಗು ನಡುಗಡಲಿನಲ್ಲಿತ್ತು, ಒಂದೇ ಕಡೆಯಿಂದ ಬೀಸಿದ ಗಾಳಿಗೆ ದಿನವಿಡೀ ಒಂದು ಮಗ್ಗುಲಿಗೆ ವಾಲಿಯೇ ಸಾಗಿತ್ತು. ಪರದೆಯ ತುದಿ ಬೆಳಗಿನಿಂದ ಸಂಜೆಯವರೆಗೆ ಗೋಡೆ ಬಿಟ್ಟು ದೂರ ನಿಂತಿತ್ತು. ಚೆನ್ನಾಗಿ ಕಾಣುತ್ತಿದೆ ಎಂದುಕೊಂಡಿದ್ದರೇ ಹೊರತು ಬೇರೇನೂ ಹೊಳೆದಿರಲಿಲ್ಲ.

"ನೆಲ ಡೊಂಕೇ ಇತ್ತು ಕಣೇ," ಎಂದರು ಟೈಲರಮ್ಮ. "ಹಡಗು ವಾಲಿತ್ತು. ಇವರು ನೆಟ್ಟಗೆ ನಿಂತಿದ್ರು, ಬಟ್ಟೆನೂ ನೆಟ್ಟಗೆ ಇಳಿದಿತ್ತು. ನಾನು ಆ ವಾಲಿದ ನೆಲದಿಂದ ಅಳೆದೆ."

ಅಂಗಡಿಯ ನೆಲ ಎಂದೂ ವಾಲಿರಲಿಲ್ಲ. ಆ ನಂಬಿಕೆಯನ್ನು ಅವರು ಹಡಗಿಗೂ ಹೊತ್ತು ತಂದಿದ್ದರು.

"ತಪ್ಪನ್ನ ಸಮುದ್ರದ ತಲೆಗೆ ಕಟ್ಟೋದು ಸುಲಭ," ಎಂದಳು ತಂಗಿ.

"ಈಗ ಹಡಗು ನಿಂತಿದೆ. ಮತ್ತೆ ಅಳೀತೀನಿ. ಸೊಟ್ಟ ಬಂದ್ರೆ ನಾನೇ ಪೆಟ್ಟಿಗೆ ಕಟ್ತೀನಿ."

ಅಂಚು ಬಿಚ್ಚಿದ್ದಾಯಿತು. ನರ್ಸಮ್ಮ ಉಸಿರು ಬಿಗಿಹಿಡಿದು ನಿಂತರು. "ಉಸಿರಾಡಿ ತಾಯಿ, ಎಕ್ಸರೇ ಅಲ್ಲ," ಎಂದು ಟೈಲರಮ್ಮ ಕೋಲು ಹಿಡಿದು ಸೀಮೆಸುಣ್ಣದ ಗುರುತು ಹಾಕುತ್ತ ಸುತ್ತಿದರು. ಅಂಚು ಮಡಿಸಲು ತಂಗಿಯನ್ನು ಯಾರೂ ಕರೆಯಲಿಲ್ಲ. ಅಭ್ಯಾಸ, ಅವಳ ಕೈ ತಾನಾಗಿ ಮುಂದೆ ಬಂತು. ಹೊಲಿದು, ಇಸ್ತ್ರಿ ಮಾಡಿ ಕೊಟ್ಟದ್ದನ್ನು ನರ್ಸಮ್ಮ ಮತ್ತೆ ತೊಟ್ಟು ನಿಂತಾಗ ತಂಗಿ ನೆಲಕ್ಕೆ ಕೂತು ಸುತ್ತಲೂ ನೋಡಿದಳು. ಇನ್ನೊಮ್ಮೆ ನೋಡಿದಳು.

"ನೇರ ಇದೆ," ಎಂದಳು. ಅಂಚಿನ ಮೇಲೆ ಬೆರಳಾಡಿಸಿ, "ಹಾಳಾದ್ದು, ಎಷ್ಟು ನೇರ ಇದೆ."

ಮರುದಿನ ತಂಗಿ ಒಬ್ಬಳೇ ಇಳಿದಳು. ಹಡಗಿನ ಏಣಿಯವರೆಗೆ ಅಕ್ಕ ಬಂದರು.

"ಇನ್ನೊಂದು ಟಿಕೆಟ್ ಏನ್ಮಾಡ್ತೀಯೇ?"

"ಕಿಟಕಿ ಪಕ್ಕದ ಸೀಟು. ಚೀಲ ಕೂರಿಸ್ತೀನಿ." ಎರಡು ಮೆಟ್ಟಿಲು ಇಳಿದು ತಿರುಗಿ ನೋಡಿದಳು. "ಮುಂದಿನ ಸಲ ನಮ್ಮ ಅಂಗಡಿಯ ದೊಡ್ಡ ಕತ್ತರಿ ತರ್ತೀನಿ. ನಿನ್ನ ಹತ್ರ ಇರೋದು ಕಾಗದಕ್ಕೂ ಲಾಯಕ್ಕಿಲ್ಲ."

ಸಂಜೆ ಹಡಗು ಹೊರಟಿತು. ಸ್ವಲ್ಪ ಹೊತ್ತಿಗೆ ಬಾಗಿಲು ಸದ್ದಾಯಿತು. ಪಕ್ಕದ ಕೋಣೆಯಾಕೆ ಉದ್ದನೆಯ ಗೌನೊಂದನ್ನು ತೋಳಿನ ಮೇಲೆ ಹಾಕಿಕೊಂಡು ನಿಂತಿದ್ದರು. ಅಂಚು ಮೇಲೆತ್ತಬೇಕಿತ್ತು.

ಟೈಲರಮ್ಮ ಪರದೆಯ ಕಡೆ ನೋಡಿದರು. ಅದರ ತುದಿ ಮೆಲ್ಲಗೆ ಗೋಡೆ ಬಿಡುತ್ತಿತ್ತು.

"ಬಟ್ಟೆ ಇಟ್ಟು ಹೋಗಿ. ಮುಂದಿನ ಬಂದರು ಬಂದಾಗ ಅಳತೆ ತೊಗೋತೀನಿ."

"ಕೆಲಸ ಜಾಸ್ತಿನಾ?"

"ಇಲ್ಲಮ್ಮ," ಎಂದರು ಟೈಲರಮ್ಮ. "ನೆಲ ಡೊಂಕಿದೆ."