ದೇವರ ಜಗಲಿ ಮೇಲಿನ ಮಷೀನ್ ಬುಕ್ಕು

ಕರ್ಪೂರದ ಮಸಿಯೂ ಗ್ರೀಸೂ ಕೂಡಿದರೆ ಒಂದು ವಾಸನೆ ಬರುತ್ತದೆ. ಅದು ಪೂರ್ತಿ ಗುಡಿಯದ್ದೂ ಅಲ್ಲ, ಪೂರ್ತಿ ಕಾರ್ಖಾನೆಯದ್ದೂ ಅಲ್ಲ. ಹೋದ ವಾರ ಅರಕೇರಾದ ಒಂದು ಸಣ್ಣ ಅಕ್ಕಿ ಮಿಲ್ಲಿಗೆ ಬೇರಿಂಗ್ ಬದಲಿಸಲು ಬಹಳ ದಿನಗಳ ಮೇಲೆ ಹೋಗಿದ್ದೆ. ಕೈ ಒರೆಸಿಕೊಳ್ಳಲು ಅರಿವೆ ಹುಡುಕುತ್ತ ಮೂಲೆಯಲ್ಲಿದ್ದ ದೇವರ ಜಗಲಿಯ ಹತ್ತಿರ ಹೋದರೆ ಅದೇ ವಾಸನೆ. ಲಕ್ಷ್ಮಿ ಫೋಟೋದ ಪಕ್ಕದಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ, ಮೈತುಂಬ ಕುಂಕುಮ ಮೆತ್ತಿಕೊಂಡು ಒಂದು ತೆಳ್ಳನೆಯ ಪುಸ್ತಕ ಕೂತಿತ್ತು. ಮೇಲೆ ಊದಿನಕಡ್ಡಿಯ ಬೂದಿ. ನೋಡಿದ ಕೂಡಲೇ ಗುರುತು ಸಿಕ್ಕಿತು. ಅದು ಅಕ್ಕೋರು ಬರೆದ ಬುಕ್ಕು.

ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಅನ್ನುತ್ತಾರೆ. ಇವರು ಸಾಲಿ ಅಕ್ಕೋರಲ್ಲ. ರಾಯಚೂರಿನಲ್ಲಿ ಭತ್ತ ಸುಲಿಯುವ ಯಂತ್ರ ತಯಾರಿಸುವ ಒಂದು ಕಾರ್ಖಾನೆಯಲ್ಲಿ ನಾನು ಫಿಟ್ಟರ್ ಆಗಿದ್ದೆ. ಅಲ್ಲಿ ಯಂತ್ರದ ನಕ್ಷೆ ಬರೆಯುವುದು, ಅದನ್ನು ನಡೆಸುವುದು ಹೇಗೆಂದು ಗಿರಾಕಿಗೆ ಕೊಡುವ ಬುಕ್ಕು ಬರೆಯುವುದು ಅವರ ಕೆಲಸ. ಕೈಗೆ ಸಿಕ್ಕವರನ್ನೆಲ್ಲ ಕೂರಿಸಿ ಆ ಬುಕ್ಕು ಓದಿಸುತ್ತಿದ್ದರು, ಹಾಗಾಗಿ ಆ ಹೆಸರು ಬಿತ್ತು. ಮೂಗಿನ ತುದಿಯಲ್ಲೇ ಸಿಟ್ಟು. ತಮ್ಮ ಅಕ್ಷರದ ಬಗ್ಗೆ ಸ್ವಲ್ಪ ಜಂಬ ಕೂಡ ಇತ್ತು, ಸುಳ್ಳು ಯಾಕೆ ಹೇಳಲಿ.

ಬುಕ್ಕು ಬರೆಯುವ ಅವರ ರೀತಿಯೇ ಬೇರೆ. ಒಂದು ಸಾಲಿಗೆ ಒಂದೇ ಕೆಲಸ. ‘ವಿದ್ಯುತ್ ಸರಬರಾಜನ್ನು ಸ್ಥಗಿತಗೊಳಿಸತಕ್ಕದ್ದು’ ಎಂದು ಆಫೀಸಿನವರು ಬರೆದುಕೊಟ್ಟರೆ ಅದನ್ನು ಹೊಡೆದು ‘ಕರೆಂಟ್ ತೆಗೀರಿ’ ಎಂದು ಬರೆಯುತ್ತಿದ್ದರು. ಆಮೇಲೆ ಅಂಗಳದಲ್ಲಿ ಮೂಟೆ ಹೊರುವವರಲ್ಲಿ ಒಬ್ಬರನ್ನು ಕರೆದು ಯಂತ್ರದ ಮುಂದೆ ನಿಲ್ಲಿಸಿ, ತಾವೇ ಗಟ್ಟಿಯಾಗಿ ಓದುತ್ತಿದ್ದರು. ಅವನು ಕೇಳಿದಂತೆ ಮಾಡುತ್ತ ಹೋಗಬೇಕು. ಎಲ್ಲಿ ಅವನ ಕೈ ತಡವರಿಸಿತೋ ಆ ಸಾಲು ಕೆಟ್ಟ ಸಾಲು, ಅದನ್ನು ಮತ್ತೆ ಬರೆಯಬೇಕು. ಕೊನೆಯ ಪುಟದಲ್ಲಿ ಮೂರು ಸಹಿ: ಬರೆದವರು, ನೋಡಿದವರು, ಒಪ್ಪಿದವರು. ಒಪ್ಪಿದವರ ಜಾಗದಲ್ಲಿ ದೊಡ್ಡ ಮಾಲಕರೇ ರುಜು ಹಾಕುತ್ತಿದ್ದರು, ಅದೂ ಪೂರ್ತಿ ಓದಿ.

ಇಷ್ಟು ಕಷ್ಟಪಟ್ಟ ಬುಕ್ಕನ್ನು ನಮ್ಮ ಜನ ಏನು ಮಾಡುತ್ತಿದ್ದರು? ಪೂಜೆ ಮಾಡುತ್ತಿದ್ದರು. ಹೊಸ ಯಂತ್ರ ಬಂದ ದಿನ ಕಾಯಿ ಒಡೆದು, ಲಿಂಬೆಹಣ್ಣು ಕಟ್ಟಿ, ಯಂತ್ರಕ್ಕೆ ವಿಭೂತಿ ಬಳಿದು, ಬುಕ್ಕಿಗೂ ಕುಂಕುಮ ಹಚ್ಚಿ ಜಗಲಿ ಮೇಲೆ ಇಟ್ಟುಬಿಟ್ಟರೆ ಮುಗಿಯಿತು. ಮೈಲಿಗೆ ಕೈಯಿಂದ ಅದನ್ನು ಯಾರೂ ಮುಟ್ಟುವಂತಿಲ್ಲ. ಮಿಲ್ಲಿನಲ್ಲಿ ಯಾರ ಕೈ ಮಡಿ ಇರುತ್ತದೆ ಹೇಳಿ?

ಗಿರಾಕಿಯ ಯಂತ್ರದಲ್ಲಿ ನಾವು ಏನಾದರೂ ಬದಲಿಸಿದರೆ ಅಕ್ಕೋರಿಗೆ ನಿದ್ದೆ ಇರುತ್ತಿರಲಿಲ್ಲ. ಹಳೆಯ ಬುಕ್ಕು ಕೈಗೆ ಬರದೆ ಹೊಸದು ಕೊಡಬಾರದು ಅನ್ನುವುದು ಅವರ ಕಟ್ಟುನಿಟ್ಟು. ಎರಡೂ ಮಿಲ್ಲಿನಲ್ಲಿ ಉಳಿದರೆ ಯಾವುದು ಖರೆ ಎಂದು ಆಳಿಗೆ ಹೇಗೆ ಗೊತ್ತಾಗಬೇಕು? ನಾವಿಬ್ಬರೂ ದೇವದುರ್ಗದ ಬಸ್ಸು, ಮಾನ್ವಿ ಬಸ್ಸು ಹಿಡಿದು ಊರೂರು ತಿರುಗಿದೆವು. ಗುಂಜಹಳ್ಳಿಯ ಮುದುಕ ಮಿಲ್ ಮಾಲಕ ಒಬ್ಬ ಬುಕ್ಕು ಕೊಡಲು ಸುತರಾಂ ಒಪ್ಪಲಿಲ್ಲ.

“ಪೂಜಿ ಮಾಡಿದ್ದನ್ನ ಹೊರಗ ಹ್ಯಾಂಗ ಕೊಡ್ಲಿಬೇ ಯವ್ವಾ? ಲಕ್ಷ್ಮಿ ಹೊಂಟು ಹೋಗ್ತಾಳ.”

ಅಕ್ಕೋರು ಸಿಟ್ಟಾಗಲಿಲ್ಲ, ಅದೇ ನನಗೆ ಆಶ್ಚರ್ಯ. ತಲೆ ಮೇಲೆ ಸೆರಗು ಹೊದ್ದು, ಹೊಸ ಬುಕ್ಕನ್ನು ಜಗಲಿ ಮೇಲಿಟ್ಟು ಕೈಮುಗಿದರು. “ಹೊಸ ಬುಕ್ಕಿಗೆ ಪೂಜಿ ಮಾಡ್ರಿ ಯಪ್ಪಾ. ಹಳೇದನ್ನ ನನಗ ಪ್ರಸಾದ ಅಂತ ಕೊಡ್ರಿ,” ಅಂದರು. ಪ್ರಸಾದ ಬೇಡಿದವರಿಗೆ ಇಲ್ಲ ಅನ್ನುವುದುಂಟೇ? ಮುದುಕ ಎರಡೂ ಕೈಯಿಂದ ಕೊಟ್ಟ. ಹೊರಗೆ ಬಂದದ್ದೇ ತಡ, ಬೇವಿನ ಗಿಡದ ಕೆಳಗೆ ನಿಂತು ಅದನ್ನು ಚೂರುಚೂರು ಹರಿದರು. ಹೊಸ ಬುಕ್ಕನ್ನು ಆಳುಗಳಿಗೆ ಓದಿಸಿದ ಮೇಲೆಯೇ ಊರು ಬಿಟ್ಟರು. ಅಂದಿನಿಂದ ಎಲ್ಲ ಊರಲ್ಲೂ ಪ್ರಸಾದವೇ...

ದೊಡ್ಡ ಮಾಲಕರು ಹಾಸಿಗೆ ಹಿಡಿದ ಮೇಲೆ ಅವರ ಅಳಿಯ ಕುರ್ಚಿಯಲ್ಲಿ ಕೂತ. ಯಂತ್ರದ ಬೆಲೆ ಇಳಿಸಬೇಕೆಂದು ಮುಂದಿನ ಮುಚ್ಚಳದ ಹತ್ತಿರ ಇದ್ದ ಸ್ವಿಚ್ಚನ್ನು ತೆಗೆಸಿದ. ಆ ಸ್ವಿಚ್ಚು ಇದ್ದಾಗ ಮುಚ್ಚಳ ತೆರೆದರೆ ಸಾಕು, ಒಳಗಿನ ರಬ್ಬರ್ ರೋಲುಗಳು ತಾವೇ ನಿಲ್ಲುತ್ತಿದ್ದವು. ಈಗ ನಿಲ್ಲುವುದಿಲ್ಲ. ಆದರೆ ಬುಕ್ಕಿನಲ್ಲಿ ‘ಮುಚ್ಚಳ ತೆಗೆದರೆ ಮಷೀನು ತಾನೇ ನಿಲ್ಲುತ್ತದೆ’ ಎಂಬ ಸಾಲು ಹಾಗೇ ಇತ್ತು. ಅಕ್ಕೋರು ಅಳಿಯನ ಮುಂದೆ ಹೋಗಿ ನಿಂತರು. ನಾನೂ ಅಲ್ಲೇ ಇದ್ದೆ.

“ಈ ಸಾಲು ಬದಲಾಗೋತನಕ ಒಂದು ಮಷೀನೂ ಗೇಟ್ ದಾಟಬಾರದ್ರಿ.”

“ಛಾಪಿಸಿದ ಬುಕ್ಕು ಗೋಡೌನಿನಾಗ ರಾಶಿ ಬಿದ್ದಾವ. ಅವು ಮೊದಲು ಖಾಲಿ ಆಗ್ಲಿ. ಹೆಂಗೂ ಯಾರು ಓದ್ತಾರ ಬಿಡ್ರಿ, ಕುಂಕುಮ ಹಚ್ಚಿ ಇಡ್ತಾರ,” ಎಂದು ಅವನು ನಕ್ಕ.

ಯಂತ್ರಗಳು ಗೇಟು ದಾಟಿದವು, ಹಳೆಯ ಬುಕ್ಕಿನ ಜೊತೆಗೇ.

ಆದರೆ ಒಬ್ಬ ಓದಿದ. ಮಾನ್ವಿ ಕಡೆಯ ಒಂದು ಮಿಲ್ಲಿನ ಆಪರೇಟರ್. ಅಲ್ಲಿ ಮೊದಲಿದ್ದ ಯಂತ್ರದ ಬುಕ್ಕನ್ನು ಅಕ್ಕೋರೇ ಅವನ ಕೈಗೆ ಕೊಟ್ಟು, ಬೆರಳಿಟ್ಟು ಓದಿಸಿದ್ದರು. ಹೊಸ ಯಂತ್ರ ಬಂದಾಗ ಅವನು ಜಗಲಿಯಿಂದ ಅದರ ಬುಕ್ಕು ತೆಗೆದು, ಕುಂಕುಮ ಒರೆಸಿ, ಮೊದಲಿಂದ ಕೊನೆಯತನಕ ಓದಿಕೊಂಡಿದ್ದನಂತೆ. ಭತ್ತ ಸಿಕ್ಕಿಕೊಂಡಾಗ ಬುಕ್ಕಿನಲ್ಲಿ ಇದ್ದಂತೆ ಮುಚ್ಚಳ ತೆಗೆದ. ಬುಕ್ಕಿನಲ್ಲಿ ಇದ್ದಂತೆ ಕೈ ಹಾಕಿದ. ರೋಲು ನಿಂತಿರಲಿಲ್ಲ.

ರಾಯಚೂರಿನ ಆಸ್ಪತ್ರೆಯಲ್ಲಿ ಅವನನ್ನು ನೋಡಲು ಹೋದೆವು. ಬಲಗೈಗೆ ದಪ್ಪನೆಯ ಬ್ಯಾಂಡೇಜು. ಅವನು ಅಕ್ಕೋರನ್ನು ಬೈಯಲಿಲ್ಲ. ಬೈದಿದ್ದರೆ ಅವರು ತಡೆದುಕೊಳ್ಳುತ್ತಿದ್ದರೋ ಏನೋ. “ಬುಕ್ಕಿನಾಗ ಹಂಗ ಇತ್ತಲ್ರೀ ಅಕ್ಕೋರ...” ಅಂದ, ಅಷ್ಟೇ. ಅಕ್ಕೋರು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು. ನನ್ನ ಕಡೆ ನೋಡದೆ ಹೇಳಿದರು: “ಓದಲಾರದವರ ಕೈ ನೆಟ್ಟಗ ಅದಾವ ನೋಡು. ಓದಿ ನಂಬಿದವನ ಬೆರಳು ಹೋದ್ವು.”

ವಿಚಾರಣೆಗೆ ಅಧಿಕಾರಿಗಳು ಬಂದಾಗ ಅಳಿಯ ಬುಕ್ಕಿನ ಕೊನೆಯ ಪುಟ ತೆರೆದು ಮೊದಲನೆಯ ಸಹಿಯ ಮೇಲೆ ಬೆರಳಿಟ್ಟ. ಬರೆದವರು ಇವರು ನೋಡ್ರಿ ಅಂದ. ಯಾರ ಮಾತಿಗೆ ಯಾರು ಹೊಣೆ ಎಂದು ತಿಳಿಯಲಿ ಎಂದು ಅಕ್ಕೋರೇ ಹಟ ಹಿಡಿದು ಹಾಕಿಸಿದ್ದ ಸಹಿಗಳು ಅವು. ಒಪ್ಪಿದವರ ರುಜು ಹಾಕಿದ್ದ ದೊಡ್ಡ ಮಾಲಕರಿಗೆ ಆಗ ಮಾತೇ ಹೊರಡುತ್ತಿರಲಿಲ್ಲ. ಆಮೇಲೆ ಸ್ವಿಚ್ಚು ತೆಗೆಸಿದ್ದಕ್ಕೆ ಯಾವ ಪುಟದಲ್ಲೂ ಯಾರ ಸಹಿಯೂ ಇರಲಿಲ್ಲ. ನಾನು ನಡೆದದ್ದನ್ನೆಲ್ಲ ಬಾಯಿಬಿಟ್ಟು ಹೇಳಿದೆ. ಫಿಟ್ಟರನ ಮಾತನ್ನು ಬರೆದುಕೊಳ್ಳುವವರು ಯಾರು? ಅಕ್ಕೋರನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದರು, ಹಿಂದೆಯೇ ನನ್ನನ್ನೂ. ತಪ್ಪು ಮಾಡಿದವರು ಸಿಕ್ಕರು ಎಂದು ಎಲ್ಲರಿಗೂ ಸಮಾಧಾನವಾಯಿತು. ಆ ಸಾಲು ಏನಾಯಿತು ಎಂದು ಒಬ್ಬರೂ ಕೇಳಲಿಲ್ಲ.

ಅಕ್ಕೋರು ಸುಮ್ಮನೆ ಕೂರಲಿಲ್ಲ. ಸರಿಯಾದ ಸಾಲಿನ ಬುಕ್ಕನ್ನು ತಾವೇ ಝೆರಾಕ್ಸ್ ಮಾಡಿಸಿ, ಸ್ವಿಚ್ಚಿಲ್ಲದ ಯಂತ್ರ ಎಲ್ಲೆಲ್ಲಿಗೆ ಹೋಗಿತ್ತೋ ಅಲ್ಲಿಗೆಲ್ಲ ಹೋದರು. ನನ್ನ ಮೋಟಾರ್ ಸೈಕಲ್ಲಿನ ಹಿಂದೆ ಕೂತು, ಬ್ಯಾಗನ್ನು ಮಗುವಿನ ಹಾಗೆ ತಬ್ಬಿಕೊಂಡು. ಕೆಲಸ ವಾಪಸ್ ಬೇಕೆಂದು ಒಂದು ದಿನವೂ ಅನ್ನಲಿಲ್ಲ. ಇನ್ನೊಂದು ಕೈ ಹೋಗುವ ಮೊದಲು ಆ ಬುಕ್ಕುಗಳೆಲ್ಲ ತಮ್ಮ ಕೈಗೆ ಬರಬೇಕು, ಅದೊಂದೇ. ಊರೂರಿನವರೂ ಕೊಟ್ಟರು. ಅರಕೇರಾದ ಈ ಮಿಲ್ಲಿನವ ಮಾತ್ರ ಕಾರ್ಖಾನೆಗೆ ಫೋನ್ ಹಚ್ಚಿದ. ಆ ಕಡೆಯಿಂದ ಅಳಿಯ ಏನು ಹೇಳಿದನೋ, ಇವನು ಜಗಲಿಗೆ ಅಡ್ಡ ನಿಂತು, “ನೀವು ಕಂಪನಿಯವ್ರಲ್ಲಂತಲ್ರೀ, ನಡೀರಿ,” ಅಂದ. ಪ್ರಸಾದದ ಮಾತೂ ನಡೆಯಲಿಲ್ಲ.

ಅಕ್ಕೋರು ಹೋದ ವರ್ಷ ತೀರಿಕೊಂಡರು. ಕಾರ್ಖಾನೆಯಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ಕಡೆಯ ದಿನಗಳಲ್ಲಿ ನಾನು ಹೋದಾಗಲೆಲ್ಲ ಒಂದೇ ಮಾತು... “ಅರಕೇರಾದ್ದೊಂದು ಉಳೀತಲ್ಲೋ.”

ಹೋದ ವಾರ ಆ ಜಗಲಿಯ ಮುಂದೆ ನಿಂತು, “ಇದನ್ನ ಪ್ರಸಾದ ಅಂತ ಕೊಡ್ರಿ ಧಣಿ,” ಎಂದು ಕೇಳಿದೆ. ಅವನು ಕುಂತಲ್ಲಿಂದ ಏಳಲೂ ಇಲ್ಲ. “ಒಯ್ರಿ, ಒಯ್ರಿ. ಅದು ಹಳೇದಾತು. ಈಗ ಹೊಸ ಮಷೀನ್ ತಂದೀನಲ್ಲ,” ಅಂದ. ಇಷ್ಟು ಸಲೀಸು! ಅಂದು ಕೊಟ್ಟಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಹೊರಗೆ ಹೋಗಿ ಬುಕ್ಕನ್ನು ಹರಿದೆ. ಕೊನೆಯ ಪುಟದಲ್ಲಿ ಕುಂಕುಮದ ಅಡಿಯಲ್ಲಿ ಅವರ ದುಂಡನೆಯ ಸಹಿ ಇತ್ತು. ಕೈ ಬರಲಿಲ್ಲ. ಆದರೂ ಹರಿದೆ, ಇಲ್ಲದಿದ್ದರೆ ಅವರು ಬೈಯುತ್ತಿದ್ದರು. ಒಳಗೆ ಬಂದು ಆ ಹಳೆಯ ಯಂತ್ರದ ಮುಚ್ಚಳದ ಮೇಲೆ ಬಣ್ಣದಲ್ಲಿ ದಪ್ಪಕ್ಷರದಿಂದ ಬರೆದೆ: ಕರೆಂಟ್ ತೆಗೀರಿ. ರೋಲು ನಿಂತಿದ್ದು ನೋಡ್ರಿ. ಆಮೇಲೆ ಮುಚ್ಚಳ ತೆಗೀರಿ.

ಹೊಸ ಯಂತ್ರ ಪಕ್ಕದಲ್ಲೇ ಇತ್ತು. ಅದೇ ಕಾರ್ಖಾನೆಯದು. ಮುಚ್ಚಳ ತೆಗೆದು ನೋಡಿದೆ, ಸ್ವಿಚ್ಚಿಲ್ಲ. ಬುಕ್ಕೂ ಇಲ್ಲ. ಈಗ ಯಂತ್ರಕ್ಕೆ ಒಂದು ಸ್ಟಿಕರ್ ಅಂಟಿಸಿರುತ್ತಾರೆ, ಫೋನು ಹಿಡಿದರೆ ಬುಕ್ಕು ಫೋನಿನಲ್ಲೇ ತೆರೆಯುತ್ತದೆ. ಸ್ಟಿಕರಿಗೂ ಕುಂಕುಮ ಹಚ್ಚಿದ್ದರು. ಹೆಬ್ಬೆರಳಿನಿಂದ ಒರೆಸಿ ಫೋನು ಹಿಡಿದೆ.

ಅದೇ ಬುಕ್ಕು. ‘ಮುಚ್ಚಳ ತೆಗೆದರೆ ಮಷೀನು ತಾನೇ ನಿಲ್ಲುತ್ತದೆ.’ ಕೊನೆಯ ಪುಟಕ್ಕೆ ಹೋದೆ. ಮೂರು ಸಹಿಗಳನ್ನು ಮಾತ್ರ ಅಳಿಸಿದ್ದಾರೆ.

ಆ ಯಂತ್ರದ ಮುಚ್ಚಳದ ಮೇಲೂ ಬಣ್ಣ ಬಳಿದು ಬಂದೆ. ಅಂಥ ಯಂತ್ರಗಳು ಇನ್ನೆಷ್ಟು ಊರಿಗೆ ಹೋಗಿವೆಯೋ. ಹೋಗಿ ಪ್ರಸಾದ ಅಂತ ಬೇಡೋಣವೆಂದರೆ, ಅಕ್ಕೋರ, ಈ ಬುಕ್ಕನ್ನು ಯಾರ ಕೈಯಿಂದ ಇಸಿದುಕೊಂಡು ಹರಿಯಲಿ?