ಮೂರು ಲಕ್ಷ ಕಿಲೋಮೀಟರಿನ ಹೊಟ್ಟೆಕಿಚ್ಚು

ಅವನ ನಿಜವಾದ ಹೆಸರು ಹೆಂಡತಿಗೂ ಅರ್ಜಿ ತುಂಬುವಾಗಷ್ಟೇ ನೆನಪಾಗುತ್ತಿತ್ತು. ಊರಿಗೆಲ್ಲ ಅವನು ಬಾಬಿನಣ್ಣ. ಹೊಲಿಗೆ ಮಿಷನ್ನಿನ ಹೊಟ್ಟೆಯೊಳಗೆ ದಾರ ಸುತ್ತಿಕೊಂಡು ಕೂತಿರುವ ಪುಟ್ಟ ಬಾಬಿನ್ನಿನ ಹಾಗೆ ಆಳು ಗಿಡ್ಡ, ಮೈ ಗುಂಡು. ಇಪ್ಪತ್ತೈದು ವರ್ಷದಿಂದ ಅವನ ಕೆಲಸವೂ ಮಿಷನ್ ರಿಪೇರಿಯೇ. ಬೆಟ್ಟದ ಮೇಲಿನ ಹಳ್ಳಿಗಳಲ್ಲಿ ಹೆಂಗಸರು ಸೇರಿ ನಡೆಸುವ ಹೊಲಿಗೆ ಶೆಡ್ಡುಗಳಿದ್ದವು. ವಾರಕ್ಕೆರಡು ದಿನ ಅಲ್ಲಿಗೆ ಹೋಗಬೇಕು. ಬಸ್ಸು ಅರ್ಧ ದಾರಿಗೆ ನಿಲ್ಲುತ್ತಿತ್ತು. ಅಲ್ಲಿಂದ ಮುಂದೆ ಉಪಕರಣದ ಪೆಟ್ಟಿಗೆ ಹೆಗಲ ಮೇಲೆ, ಕಲ್ಲಿನ ದಾರಿ ಕಾಲ ಕೆಳಗೆ. ಹೀಗಾಗಿ ನಾಲ್ಕೂ ಚಕ್ರ ಎಳೆಯುವಂಥ ಗಾಡಿಯೊಂದು ಅವನಿಗೆ ಬೇಕಿತ್ತು ಅನ್ನುವುದು ನಿಜ. ಆದರೆ ಇಪ್ಪತ್ತೈದು ವರ್ಷ ಇಲ್ಲದ ಆ ಬೇಕು ಒಂದೇ ಭಾನುವಾರದಲ್ಲಿ ಹುಟ್ಟಿತು ಅನ್ನುವುದೂ ಅಷ್ಟೇ ನಿಜ.

ಆ ಭಾನುವಾರ ಮಾವನ ಮನೆಯಲ್ಲಿ ಊಟ. ಇವನು ಸ್ಕೂಟರಿನಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಹೋದರೆ, ಗೇಟಿನ ಮುಂದೆ ಗಾಡಿ ನಿಲ್ಲಿಸಲು ಜಾಗವೇ ಇರಲಿಲ್ಲ. ಷಡ್ಡಕನ ಹೊಸ ಫೋರ್ ವೀಲ್ ಡ್ರೈವ್ ಅಲ್ಲಿ ನಿಂತಿತ್ತು. ಸೀಟಿನ ಪ್ಲಾಸ್ಟಿಕ್ ಇನ್ನೂ ಕಿತ್ತಿರಲಿಲ್ಲ. ಷಡ್ಡಕ ಅಂದರೆ ಹೆಂಡತಿಯ ತಂಗಿಯ ಗಂಡ. ಟೈಲ್ಸ್ ಅಂಗಡಿಯವನು, ಎತ್ತರದ ಆಳು, ನಗುಮುಖ. ವಯಸ್ಸಿನಲ್ಲೂ ಸಂಬಂಧದಲ್ಲೂ ಕಿರಿಯ.

ಬಾಬಿನಣ್ಣನ ಸ್ಕೂಟರ್ ಹತ್ತಲು ಹದಿನೆಂಟು ವರ್ಷದಿಂದ "ಸೊಂಟ ನೋವು ಅಳಿಯಂದ್ರೇ" ಅನ್ನುತ್ತಿದ್ದ ಮಾವ ಅವತ್ತು ಆ ಎತ್ತರದ ಗಾಡಿಯನ್ನು ಹಿಡಿ ಹಿಡಿದುಕೊಂಡು ಹತ್ತಿ, ಬೀದಿ ಸುತ್ತಿ ಬಂದರು. ಒಂದಲ್ಲ, ಮೂರು ಸುತ್ತು.

"ಒಳಗೆ ಕೂತ್ರೆ ಕೆಳಗಿರೋರೆಲ್ಲ ಚಿಕ್ಕವರಾಗಿ ಕಾಣ್ತಾರೆ ಕಣ್ರೀ" ಅಂದರು ಇಳಿದು.

ಕೆಳಗೆ ನಿಂತಿದ್ದವನು ಬಾಬಿನಣ್ಣನೊಬ್ಬನೇ. ಊಟದಲ್ಲಿ ಹೋಳಿಗೆ ಬೇಡ ಅಂದ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂದು ಮನಸ್ಸಿನಲ್ಲೇ ಅಂದುಕೊಂಡು ಮಜ್ಜಿಗೆ ಕುಡಿದು ಎದ್ದ. ಮನೆಗೆ ಬಂದ ಮೇಲೆ ಹೆಂಡತಿ, "ಪಾಪ, ಅಪ್ಪ ಎಷ್ಟು ಖುಷಿಯಾಗಿದ್ರು ಅಲ್ವಾ?" ಅಂದಾಗ, ಬಚ್ಚಲಿಗೆ ಹೋಗಿ ಸುಮ್ಮನೆ ಕಾಲು ತೊಳೆದ. ಎರಡು ಸಲ ತೊಳೆದ.

ಮರುದಿನದಿಂದಲೇ ಹಳೇ ಗಾಡಿಗಳ ವಿಚಾರಣೆ ಶುರುವಾಯಿತು. ಹೊಸದು ಅವನ ಕೈಗೆಟುಕುವಂಥದ್ದಲ್ಲ. ಹದಿನೈದು ದಿನಕ್ಕೆ ಒಂದು ಸುದ್ದಿ ಬಂತು. ದನದ ಡಾಕ್ಟರಮ್ಮ ಗಾಡಿ ಮಾರುತ್ತಾರಂತೆ. ಮಂಡಿ ನೋವಿನಿಂದ ಕ್ಲಚ್ ತುಳಿಯಲಾಗುತ್ತಿಲ್ಲವಂತೆ. ಹತ್ತೊಂಬತ್ತು ವರ್ಷದ ಗಾಡಿ, ಓಡಿರುವುದು ಮೂರು ಲಕ್ಷದ ಹನ್ನೆರಡು ಸಾವಿರ ಕಿಲೋಮೀಟರ್.

ಪರಿಚಯದ ಗ್ಯಾರೇಜ್ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ ನೋಡಿದ. ಹಸಿರು ಬಣ್ಣ ಬಿಸಿಲಿಗೆ ಬಿಳಚಿಕೊಂಡಿತ್ತು. ಹಿಂದಿನ ಸೀಟಿನಲ್ಲಿ ಇನ್ನೂ ಔಷಧದ ವಾಸನೆ. ಕೀಲಿ ತಿರುಗಿಸಿದ ಕೂಡಲೇ ಇಂಜಿನ್ ಎದ್ದಿತು. ನಾಲ್ಕು ಚಕ್ರಕ್ಕೂ ಬಲ ಕೊಡುವ ಸಣ್ಣ ಲಿವರ್ ಸ್ವಲ್ಪ ಬಿಗಿ, ಆದರೆ ಗೇರು ಬಿತ್ತು. ಡಾಕ್ಟರಮ್ಮನ ಮನೆ ಹಿಂದಿನ ಏರನ್ನು ಗಾಡಿ ಮುದುಕಿ ಮೆಟ್ಟಿಲು ಹತ್ತಿದ ಹಾಗೆ ಗೊಣಗುತ್ತಾ, ಎಲ್ಲೂ ನಿಲ್ಲದೆ ಹತ್ತಿತು. ಸ್ಟೇರಿಂಗ್ ಹಿಡಿದು ಕೂತ ಬಾಬಿನಣ್ಣನಿಗೆ ಕಂಡದ್ದು ಬೆಟ್ಟದ ದಾರಿಯಲ್ಲ, ಮಾವನ ಮನೆಯ ಗೇಟು.

ಇಳಿದ ಮೇಲೆ ಮೇಸ್ತ್ರಿ ಗಾಡಿಯಡಿ ಮಲಗಿ ಇಂಚಿಂಚೂ ತಟ್ಟಿ ನೋಡಿದ. ಡಾಕ್ಟರಮ್ಮ ಕಾಫಿ ತರಲು ಒಳಗೆ ಹೋದಾಗ ಇವನನ್ನೂ ಕೆಳಗೆ ಕರೆದ.

"ಇಲ್ಲಿ ನೋಡು. ಹಿಂದಿನ ಚಕ್ರದ ಸ್ಪ್ರಿಂಗ್ ಪಟ್ಟಿಯನ್ನ ಚಾಸಿಗೆ, ಅಂದ್ರೆ ಗಾಡಿಯ ಅಡಿಚೌಕಟ್ಟಿಗೆ, ಹಿಡಿದಿರೋ ಜಾಗ."

ಸ್ಕ್ರೂಡ್ರೈವರಿನಿಂದ ಒತ್ತಿದ. ಕಬ್ಬಿಣ ಹಪ್ಪಳದ ಹಾಗೆ ಪುಡಿಯಾಗಿ, ತುದಿ ಒಳಗೇ ಹೋಯಿತು.

"ಯಾರೋ ದಪ್ಪಗೆ ಕಪ್ಪು ಬಣ್ಣ ಬಳಿದು ಮುಚ್ಚಿದ್ದಾರೆ. ಆಯಮ್ಮಂಗೂ ಗೊತ್ತಿರಲಿಕ್ಕಿಲ್ಲ. ಇಂಜಿನ್ ಇನ್ನೂ ಒಂದು ಲಕ್ಷ ಓಡುತ್ತೆ. ಆದ್ರೆ ಇದನ್ನ ಕತ್ತರಿಸಿ ಹೊಸ ತುಂಡು ವೆಲ್ಡ್ ಮಾಡದೆ ಕಲ್ಲಿನ ದಾರಿಗೆ ಹಾಕ್ಬೇಡ. ಎಷ್ಟು ಓಡಿದೆ ಅನ್ನೋದು ದೊಡ್ಡದಲ್ಲಪ್ಪಾ, ಎಲ್ಲಿ ತುಕ್ಕು ತಿಂದಿದೆ ಅನ್ನೋದು ದೊಡ್ಡದು."

ಬಾಬಿನಣ್ಣ ಡಾಕ್ಟರಮ್ಮನಿಗೆ "ಯೋಚನೆ ಮಾಡಿ ಹೇಳ್ತೀನಮ್ಮಾ" ಅಂದು ಬಂದ. ತುಕ್ಕಿನ ವಿಷಯ ಎತ್ತಲಿಲ್ಲ. ಚೌಕಾಸಿ ಮಾಡುವಾಗ ಹೇಳಿದರಾಯಿತು ಅಂದುಕೊಂಡ. ಆಮೇಲೆ ಒಂದು ವಾರ ಅಳೆದೂ ಸುರಿದೂ ಕಳೆಯಿತು. ತಗೊಂಡರೆ ಗ್ಯಾರೇಜಿನಲ್ಲೇ ಕೂತಿರುತ್ತದೆಯೇನೋ, ಬಿಟ್ಟರೆ ಇಂಥ ಇಂಜಿನ್ ಮತ್ತೆ ಸಿಗುತ್ತದೋ ಇಲ್ಲವೋ. ಹೆಂಡತಿಯ ಹತ್ತಿರ ಹೇಳಿದ್ದು ಡಾಕ್ಟರಮ್ಮನ ಗಾಡಿ ನೋಡಿ ಬಂದೆ ಅಂತಷ್ಟೇ. ಅವಳು ಅದನ್ನು ಫೋನಿನಲ್ಲಿ ತಂಗಿಗೆ ಹೇಳಿದಳು.

ಎಂಟನೇ ದಿನ ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಬಾಗಿಲಲ್ಲಿ ಹಾರ್ನ್ ಕೇಳಿತು. ಬಿಳಚಿದ ಹಸಿರು ಗಾಡಿ. ಕಿಟಕಿಯಲ್ಲಿ ಷಡ್ಡಕನ ನಗುಮುಖ.

"ತಗೊಂಡ್ಬಿಟ್ಟೆ ಅಣ್ಣ. ಬೆಟ್ಟದ ಮೇಲಿನ ಮನೆಗಳಿಗೆ ಟೈಲ್ಸ್ ಸಾಗಿಸ್ಬೇಕಲ್ಲ, ಹೊಸದನ್ನ ಆ ಕಲ್ಲಿನ ದಾರೀಲಿ ಹಾಕೋಕೆ ಮನಸ್ಸು ಬರಲ್ಲ."

ಬಾಬಿನಣ್ಣನ ಬಾಯಲ್ಲಿ ಪೇಸ್ಟಿನ ನೊರೆ ಹಾಗೇ ನಿಂತಿತು.

"ನೀನು ಬೇರೆ ಯಾವುದೋ ನೋಡ್ತಿದ್ದೀಯೇನೋ ಅಂದ್ಕೊಂಡೆ. ಒಂದು ವಾರ ಆದ್ರೂ ಬರಲಿಲ್ಲ ಅಂದ್ರು ಡಾಕ್ಟರಮ್ಮ. ನಾನು ಮೆಕ್ಯಾನಿಕ್ಕಿಗೂ ತೋರಿಸಲಿಲ್ಲ ನೋಡು. ನೀನೂ ಮೇಸ್ತ್ರೀನೂ ಅಡಿಗೆಲ್ಲ ತೂರಿ ನೋಡಿ ಏನೂ ಹೇಳಲಿಲ್ವಂತೆ. ನಮ್ಮಣ್ಣನ ಕಣ್ಣಿಗೆ ಬೀಳದ ದೋಷ ಇನ್ಯಾರ ಕಣ್ಣಿಗೆ ಬೀಳುತ್ತೆ?"

ಅಲ್ಲೇ ಹೇಳಬಹುದಿತ್ತು. ಮಾತು ನಾಲಿಗೆ ತುದಿಗೂ ಬಂತು. ಆದರೆ ಅವನಿಗೆ ಒಂದು ಗಾಡಿ ಸಾಲದೆ ಎರಡನೆಯದೂ ಬೇಕಾಯಿತೇ, ಅದೂ ನಾನು ಆಸೆಪಟ್ಟದ್ದೇ ಬೇಕಾಯಿತೇ ಅನ್ನುವ ಉರಿ ಆ ಮಾತನ್ನು ನುಂಗಿಹಾಕಿತು. ನೊರೆ ಉಗಿದು ಬಂದು, "ಒಳ್ಳೇದಾಯ್ತು" ಅಂದ.

ಆಮೇಲಿನ ಮೂರು ವಾರ ಅವನು ತನಗೇ ಒಗ್ಗದ ಮನುಷ್ಯನಾದ. ಹಸಿರು ಗಾಡಿ ಬೀದಿಯಲ್ಲಿ ಹೋದರೆ ಹಿಂದಿನ ಚಕ್ರವನ್ನೇ ನೋಡುತ್ತಿದ್ದ. ದಾರಿ ಮಧ್ಯ ಕೆಟ್ಟು ನಿಲ್ಲಲಿ, ಅಷ್ಟು ಸಾಕು, ಒಂದು ದಿನ ಅವನೂ ಪೆಟ್ಟಿಗೆ ಹೊತ್ತು ನಡೆಯಲಿ ಅಂತ ಅಂದುಕೊಳ್ಳುತ್ತಿದ್ದ. ಯಾರಾದರೂ ಒಳಗೆ ಕೂತಿರುತ್ತಾರೆ ಅನ್ನುವುದನ್ನು ಮಾತ್ರ ಅವನ ಮನಸ್ಸು ಜಾಣತನದಿಂದ ಬಿಟ್ಟುಬಿಡುತ್ತಿತ್ತು. ಕೆಲಸದಲ್ಲೂ ಗಮನವಿಲ್ಲ. ಒಂದು ಮಿಷನ್ನಿಗೆ ಬೆಲ್ಟು ತಿರುಗಾಮುರುಗಾ ಹಾಕಿ ಶೆಡ್ಡಿನ ಹೆಂಗಸರ ನಗೆಗೆ ಗುರಿಯಾದ.

ಒಂದು ಗುರುವಾರ, ಅದೇ ಶೆಡ್ಡಿನಲ್ಲಿ ಸೂಜಿ ಸರಿಮಾಡುತ್ತಿದ್ದಾಗ, ಹಾಲು ಹಾಕುವವನು ಬಂದು ಕೆಳಗಿನ ತಿರುವಿನಲ್ಲಿ ಗಾಡಿಯೊಂದು ಚರಂಡಿಗೆ ಜಾರಿದೆ ಅಂದ.

"ಯಾವ ಬಣ್ಣ?" ಅಂತ ಕೇಳಿದ ಬಾಬಿನಣ್ಣ.

"ಹಸಿರು."

ಅವನು ಆಮೇಲೆ ತಾನಾಗಿ ಒಪ್ಪಿಕೊಂಡದ್ದು ಇದು: ಆ ಮಾತು ಕೇಳಿದ ಮೊದಲ ಕ್ಷಣ ಅವನಿಗೆ ಖುಷಿಯಾಯಿತು. ಎರಡನೇ ಕ್ಷಣಕ್ಕೆ ಹಾಲಿನವನು, "ಒಬ್ಬರು ವಯಸ್ಸಾದವರಿಗೆ ಪೆಟ್ಟಾಗಿದೆ" ಅಂದ.

ಓಡಿದ. ಆ ಮೈ ಹೊತ್ತು ಅವನು ಓಡಿದ್ದನ್ನು ಯಾರೂ ನೋಡಿರಲಿಲ್ಲ. ತಿರುವಿನಲ್ಲಿ ಗಾಡಿ ಹಿಂಭಾಗ ಕುಸಿದು ಪಕ್ಕಕ್ಕೆ ವಾಲಿತ್ತು. ಪಟ್ಟಿ ಚಾಸಿಯಿಂದ ಕಿತ್ತು ಬಂದಿತ್ತು. ಸುತ್ತ ಟೈಲ್ಸ್ ಒಡೆದು ಬಿದ್ದಿದ್ದವು. ಮಾವ ದಾರಿ ಬದಿಯ ಕಲ್ಲಿನ ಮೇಲೆ, ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದು ಕೂತಿದ್ದರು. ಬೆಟ್ಟ ನೋಡಬೇಕು ಅಂತ ಅವರೇ ಹಟ ಹಿಡಿದು ಬಂದಿದ್ದರಂತೆ. ಷಡ್ಡಕನ ಹಣೆಯಲ್ಲಿ ರಕ್ತ. ಬಾಬಿನಣ್ಣನನ್ನು ಕಂಡು ಅವನು ಮಗುವಿನ ಹಾಗೆ, "ಅಣ್ಣ ಬಂದ್ಯಾ, ಇನ್ನು ಪರವಾಗಿಲ್ಲ" ಅಂದ.

ಮಾವನ ಮಣಿಕಟ್ಟು ಮುರಿದಿತ್ತು. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು ಅವರು ಮಂಚದ ಮೇಲೆ ಒರಗಿದ್ದಾಗ ಅಕ್ಕತಂಗಿಯರಿಬ್ಬರೂ ಅಲ್ಲೇ ಇದ್ದರು. ಬಾಬಿನಣ್ಣ ಗೋಡೆಗೆ ಆತುಕೊಂಡು ಎಲ್ಲ ಹೇಳಿಬಿಟ್ಟ. ಮೇಸ್ತ್ರಿ ತೋರಿಸಿದ್ದು, ಹಲ್ಲುಜ್ಜುವಾಗ ನುಂಗಿಕೊಂಡದ್ದು.

"ಮರೆತಿದ್ದಲ್ಲ. ಹೇಳಬಾರದು ಅಂತಲೇ ಹೇಳಲಿಲ್ಲ."

ಹೆಂಡತಿ ತಲೆ ತಗ್ಗಿಸಿದಳು. ನಾದಿನಿ ಎದ್ದು ಹೊರಗೆ ಹೋದಳು. ಮಾವ ಬಿಳಿ ಕೈಯನ್ನು ಎತ್ತಿ ತೋರಿಸಿ ಅಂದರು: "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ಉರಿದಿದ್ದು ನಿಮ್ಮ ಹೊಟ್ಟೆ, ಮುರಿದಿದ್ದು ನನ್ನ ಕೈ."

ಷಡ್ಡಕ ಚೀಟಿ ಹಿಡಿದು ಮಾವನ ಔಷಧ ತರಲು ಹೋದ. ಬೈದಿದ್ದರೆ ಸಹಿಸಬಹುದಿತ್ತು. ಎರಡು ತಿಂಗಳು ಅವನ ಅಂಗಡಿಯಿಂದ ಫೋನಿಲ್ಲ, ಬೀದಿಯಲ್ಲಿ ಕಂಡರೂ ಬರೀ ತಲೆಯಾಡಿಸುವುದು. ಹಸಿರು ಗಾಡಿ ಅವನ ಗೋದಾಮಿನ ಹಿಂದೆ ಟಾರ್ಪಾಲು ಹೊದ್ದು ಮಲಗಿತ್ತು. ಕೊನೆಗೆ ಬಾಬಿನಣ್ಣನೇ ಹೋಗಿ ಅದನ್ನು ಕೇಳಿದ. ತಾನು ತಗೊಂಡು ಸರಿ ಮಾಡಿಸುತ್ತೇನೆ ಅಂದ.

ಷಡ್ಡಕ ಟೈಲ್ಸ್ ರಾಶಿಯ ಮೇಲೆ ಕೂತು ಅವನನ್ನೇ ನೋಡಿದ.

"ಒಂದು ಮಾತು ಹೇಳು ಅಣ್ಣ. ನನ್ನ ಮೇಲೆ ಯಾವತ್ತಿಂದ?"

"ನೀನು ಮದುವೆಯಾದ ವರ್ಷದಿಂದ."

"ಹದಿಮೂರು ವರ್ಷ" ಅಂದ ಷಡ್ಡಕ. ಆಮೇಲೆ ಕೀಲಿ ತೆಗೆದು ಕೊಟ್ಟ. "ನನಗೆ ಗೊತ್ತೇ ಆಗಲಿಲ್ಲ ನೋಡು. ಅದೇ ಬೇಜಾರು."

ಮೇಸ್ತ್ರಿ ಹಳೇ ತುಂಡು ಕತ್ತರಿಸಿ ಹೊಸದನ್ನು ಕೂರಿಸಿದ. ಈಗ ಬಾಬಿನಣ್ಣ ವಾರಕ್ಕೆರಡು ದಿನ ಅದರಲ್ಲೇ ಬೆಟ್ಟ ಹತ್ತುತ್ತಾನೆ. ಶೆಡ್ಡಿನ ಹೆಂಗಸರು ಬಟ್ಟೆಯ ಗಂಟುಗಳನ್ನು ಅದಕ್ಕೇ ಹಾಕಿ ಕಳಿಸುತ್ತಾರೆ. ನಾದಿನಿ ಇನ್ನೂ ಅವನೊಂದಿಗೆ ಅಳೆದು ತೂಗಿ ಮಾತಾಡುತ್ತಾಳೆ. ಹೊಟ್ಟೆಕಿಚ್ಚು ಹೋಯಿತೇ ಅಂತ ಕೇಳಿದರೆ ಅವನು ಸುಳ್ಳು ಹೇಳುವುದಿಲ್ಲ. ಹೋದ ತಿಂಗಳು ಷಡ್ಡಕ ಮನೆಯ ಮೇಲೆ ಇನ್ನೊಂದು ಮಹಡಿ ಎತ್ತಿಸಲು ಶುರುಮಾಡಿದಾಗ ಮತ್ತೆ ಅದೇ ಉರಿ ಎದ್ದಿತು. ಈ ಸಲ ಮನೆಗೆ ಬಂದವನೇ ಹೆಂಡತಿಗೆ, "ಲೇ, ನನಗೆ ಉರೀತಿದೆ" ಅಂದ.

ಅವಳು ತರಕಾರಿ ಹೆಚ್ಚುತ್ತಲೇ, "ನನಗೂ" ಅಂದಳು.