ಕಂಬಳಿ ಹೊದ್ದ ಶ್ರೋತೃ

ಯಾರದಾದರೂ ಹೊಸ ಮನೆಗೆ ಹೋದರೆ ನಾನು ಮಾಡುವ ಮೊದಲ ಕೆಲಸವೆಂದರೆ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ನಡುಮನೆಯ ಮಧ್ಯೆ ನಿಂತು ಒಮ್ಮೆ ಚಪ್ಪಾಳೆ ತಟ್ಟುವುದು. ಕೋಣೆ ಆ ಸದ್ದನ್ನು ಒಳಗೆಳೆದುಕೊಂಡಿತೋ ಅಥವಾ ತಿರುಗಿ ನನ್ನ ಮುಖಕ್ಕೇ ಎಸೆಯಿತೋ ಎಂದು ಕಿವಿಗೊಟ್ಟು ಕೇಳುವುದು. ಒಂದು ಗೃಹಪ್ರವೇಶದಲ್ಲಿ ಈ ಚಪ್ಪಾಳೆ ಕೇಳಿ, ಮಂಗಳಾರತಿಯ ಹೊತ್ತಾಯಿತೆಂದು ಅಡುಗೆಮನೆಯ ಹೆಂಗಸರೆಲ್ಲ ಕೈ ಒರೆಸಿಕೊಳ್ಳುತ್ತ ಓಡಿಬಂದರು. ನೀವು ನಗುವುದಾದರೆ ನಗಬಹುದು. ಆದರೆ ಈ ಅಭ್ಯಾಸದ ಹಿಂದೆ ನಾನು ಅವಮಾನಿಸಿದ ಒಬ್ಬ ಹಿರಿಯರಿದ್ದಾರೆ. ಅವರ ವಿಷಯವನ್ನು ಇಷ್ಟು ವರ್ಷ ಯಾರಿಗೂ ಪೂರ್ತಿಯಾಗಿ ಹೇಳಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ಜಯನಗರದಲ್ಲಿ ಮನೆಗಳಿಗಿಂತ ನಿವೇಶನದ ಗುರುತುಕಲ್ಲುಗಳೇ ಹೆಚ್ಚಿದ್ದ ಕಾಲ. ತಂದೆ ತೀರಿಕೊಂಡ ಮೇಲೆ ಬಸವನಗುಡಿಯ ಬಾಡಿಗೆ ಮನೆ ಬಿಟ್ಟು, ನಾನೂ ನನ್ನ ತಾಯಿಯೂ ಇಲ್ಲಿ ಕಟ್ಟಿಸಿದ ಚಿಕ್ಕ ಮನೆಗೆ ಬಂದಿದ್ದೆವು. ನಾನು ಎಸ್.ಎಸ್.ಎಲ್.ಸಿ. ಮುಗಿಸಿ ಒಂದು ಕಾರ್ಖಾನೆಯ ಉಗ್ರಾಣದಲ್ಲಿ ಗುಮಾಸ್ತನಾಗಿದ್ದೆ. ಮದುವೆಯಾಗಿರಲಿಲ್ಲ; ಬದಲಿಗೆ ಸಂಗೀತದ ಹುಚ್ಚಿತ್ತು, ಸಂಗೀತಕ್ಕಿಂತ ಹೆಚ್ಚಾಗಿ ಸಂಗೀತ ಹೊರಡಿಸುವ ಪೆಟ್ಟಿಗೆಗಳ ಹುಚ್ಚು. ಅದೇ ಕಾರ್ಖಾನೆಯ ಗೆಳೆಯ ರಾಮು ವಾಲ್ವುಗಳನ್ನು ಜೋಡಿಸಿ ನನಗೊಂದು ಆಂಪ್ಲಿಫೈಯರ್ ಕಟ್ಟಿಕೊಟ್ಟ. ಮುಚ್ಚಿಹೋದ ಒಂದು ಟೆಂಟ್ ಸಿನಿಮಾದ ದೊಡ್ಡ ಸ್ಪೀಕರನ್ನು ನಾನೇ ಗುಜರಿಯಿಂದ ಹೊತ್ತು ತಂದೆ. ಆಂಪ್ಲಿಫೈಯರಿಗೂ ಸ್ಪೀಕರಿಗೂ ಜಾತಕ ಕೂಡಬೇಕೆಂದು ರಾಮು ಹೇಳುತ್ತಿದ್ದ. ಇದರ ಓಮು, ಅಂದರೆ ವಿದ್ಯುತ್ತನ್ನು ತಡೆಯುವ ಅಳತೆ, ಅದರ ಓಮಿಗೆ ಹೊಂದದಿದ್ದರೆ ಒಂದೋ ಸ್ವರ ಸೊರಗುತ್ತದೆ, ಇಲ್ಲವೇ ಯಾವುದಾದರೊಂದು ಸುಡುತ್ತದೆ. ಅವನು ಮೂರು ಭಾನುವಾರ ಕೂತು, ಟ್ರಾನ್ಸ್‌ಫಾರ್ಮರಿನ ತಂತಿ ಬಿಚ್ಚಿ ಸುತ್ತಿ, ಜಾತಕ ಕೂಡಿಸಿದ.

ಆದರೆ ಗಂಡುಹೆಣ್ಣು ಒಪ್ಪಿದರೂ ಮನೆ ಒಪ್ಪಬೇಕಲ್ಲ. ಸಾವಿರ ಜನರ ಡೇರೆಯಲ್ಲಿ ಕೂಗಿ ಅಭ್ಯಾಸವಾಗಿದ್ದ ಸ್ಪೀಕರನ್ನು ನಾನು ಹತ್ತಡಿ ಅಗಲ, ಹನ್ನೆರಡಡಿ ಉದ್ದದ ನಡುಮನೆಯ ಕೋಣೆಯಲ್ಲಿ ಕೂರಿಸಿದ್ದೆ. ಕೆಳಗೆ ಕೆಂಪು ಗಾರೆ ನೆಲ, ಸುತ್ತ ಬರಿಯ ಸುಣ್ಣದ ಗೋಡೆ. ಗ್ರಾಮಫೋನ್ ಪ್ಲೇಟು ಹಾಕಿದರೆ ಮೃದಂಗದ ಎಡಗೈ ಪೆಟ್ಟೆಲ್ಲ ಬಾಗಿಲ ಪಕ್ಕದ ಮೂಲೆಗೆ ಹೋಗಿ ಸೇರಿಕೊಂಡು ಗುಂಯ್ ಎನ್ನುತ್ತಿತ್ತು. ಹಾಡುವವರು ಬಾವಿಯೊಳಗೆ ಬಿದ್ದು ಹಾಡಿದಂತೆ ಕೇಳುತ್ತಿತ್ತು. ಬಟ್ಟೆ ಸದ್ದನ್ನು ಹೀರಿಕೊಳ್ಳುತ್ತದೆಂದು ಮೂಲೆಯಲ್ಲಿ ಹಾಸಿಗೆ ಸುತ್ತಿಟ್ಟೆ, ಗೋಡೆಗೆ ತಾಯಿಯ ಹಳೆಯ ಸೀರೆಗಳನ್ನು ಇಳಿಬಿಟ್ಟೆ. "ಇದೇನೋ ಶೀನಿ, ಮನೇನೋ ಅಗಸರ ಕಟ್ಟೇನೋ?" ಎಂದು ಅವರು ಎಲ್ಲವನ್ನೂ ಎಳೆದುಕೊಂಡು ಹೋದರು.

ಪಿಳ್ಳಪ್ಪನವರು ಬಂದದ್ದು ಆ ದಿನಗಳಲ್ಲಿ. ಪಕ್ಕದ ಸಾರಕ್ಕಿ ಹಳ್ಳಿಯವರು. ಹೆಸರಿನಲ್ಲಷ್ಟೇ ಪಿಳ್ಳ, ಅಂದರೆ ಚಿಕ್ಕವರು; ಆಳು ಬಾಗಿಲು ತುಂಬುವಂಥವರು. ಭಾನುವಾರ ಬೆಳಿಗ್ಗೆ ನಮ್ಮ ಗೇಟಿನ ಹೊರಗೆ ಸುಮ್ಮನೆ ನಿಂತು ಮನೆಯನ್ನು ನೋಡುತ್ತಿದ್ದರು. ಏನು ಬೇಕಿತ್ತೆಂದು ಒಂದು ದಿನ ಕೇಳಿದೆ.

"ಏನೂ ಇಲ್ಲ ಸಾಮಿ. ಬಡಾವಣೆ ಆಗೋಕ್ ಮುಂಚೆ ಇದು ನಮ್ ಹೊಲ. ರಾಗಿ ಹಾಕ್ತಿದ್ವಿ. ನಿಮ್ ಬಾಗ್ಲು ಐತಲ್ಲ, ಅಲ್ಲಿ ಕಣ ಮಾಡ್ತಿದ್ವಿ."

ಅಷ್ಟರಲ್ಲಿ ತುಂತುರು ಹನಿಯಿತು. ಒಳಗೆ ಬನ್ನಿ ಎಂದೆ. ಆ ಒಂದು ಸಲ ನಾನು ಕರೆದದ್ದು ನಿಷ್ಕಪಟವಾಗಿ. ಇದನ್ನು ನನ್ನ ಪರವಾಗಿ ಹೇಳಿಕೊಳ್ಳುತ್ತಿಲ್ಲ, ಮುಂದಿನದು ಎಷ್ಟು ಕಪಟವೆಂದು ತಿಳಿಯಲಿ ಎಂದು ಹೇಳುತ್ತಿದ್ದೇನೆ. ಅವರು ಸಂಕೋಚದಿಂದ ಬಾಗಿಲ ಪಕ್ಕದ ಮೂಲೆಯಲ್ಲೇ, ದಪ್ಪ ಕರಿ ಕಂಬಳಿ ಹೊದ್ದು ಕುಕ್ಕರಗಾಲಿನಲ್ಲಿ ಕೂತರು. ನಾನು ಪ್ಲೇಟು ಹಾಕಿದೆ. ಗುಂಯ್ ಇರಲಿಲ್ಲ. ಮೃದಂಗದ ಒಂದೊಂದು ಬೆರಳೂ ಬೇರೆಬೇರೆಯಾಗಿ ಕೇಳಿತು. ಅವರು ಎದ್ದು ಹೋದ ಮೇಲೆ ಅದೇ ಪ್ಲೇಟು ಮತ್ತೆ ಹಾಕಿದೆ. ಗುಂಯ್ ವಾಪಸು ಬಂದು ತನ್ನ ಜಾಗದಲ್ಲಿ ಕೂತಿತ್ತು.

ಮುಂದಿನ ಭಾನುವಾರ ನಾನೇ ಗೇಟಿನಲ್ಲಿ ಕಾದು ನಿಂತು ಅವರನ್ನು ಕರೆದೆ. ಅದರ ಮುಂದಿನ ಭಾನುವಾರವೂ. ಹೆಚ್ಚು ಕಡಿಮೆ ಒಂದು ವರ್ಷ.

ಆ ಕಾಲದ ಜಯನಗರದಲ್ಲಿ ಇದು ಸಣ್ಣ ಸಂಗತಿಯಲ್ಲ. ಹೊಲ ಬಿಟ್ಟುಕೊಟ್ಟ ಹಳ್ಳಿಯವರು ಹಾಲು, ಸೊಪ್ಪು ತಂದರೆ ಗೇಟಿನಲ್ಲೇ ವ್ಯವಹಾರ ಮುಗಿಯುತ್ತಿತ್ತು. ನನ್ನ ತಾಯಿ ಮಡಿ ಹೆಂಗಸು. "ನಡುಮನೇಲಿ ಕೂರಿಸ್ಕೋತೀಯಲ್ಲೋ, ನಾಲ್ಕು ಜನ ಏನಂದಾರು?" ಎಂದರು. ನಾನು ಅವರಿಗೆ ಒಂದು ಭಾಷಣವನ್ನೇ ಮಾಡಿದೆ. ಕಾಲ ಬದಲಾಗಿದೆ, ಮನುಷ್ಯರಲ್ಲಿ ಮೇಲು ಕೀಳೆಂಬುದಿಲ್ಲ, ಅವರ ನೆಲದ ಮೇಲೆ ಕೂತು ಅವರನ್ನೇ ಹೊರಗೆ ನಿಲ್ಲಿಸುವುದು ಯಾವ ಧರ್ಮ, ಎಂದೆಲ್ಲ. ಒಂದು ಮಾತೂ ಸುಳ್ಳಲ್ಲ, ಆಡಿದ ಬಾಯಿ ಮಾತ್ರ ಸುಳ್ಳು. ಬೀದಿಯ ನಿವೃತ್ತ ಮೇಷ್ಟರೊಬ್ಬರು ನನ್ನ ಬೆನ್ನು ತಟ್ಟಿ, ನಿನ್ನಂಥ ವಿಶಾಲ ಹೃದಯದ ಹುಡುಗರು ಬೇಕು ಕಣಯ್ಯ ಎಂದರು. ನಾನು ತಲೆ ತಗ್ಗಿಸಿ ವಿನಯದಿಂದ ಆ ಪ್ರಶಂಸೆಯನ್ನು ಸ್ವೀಕರಿಸಿದೆ. ತಗ್ಗಿಸಿದ್ದು ನಾಚಿಕೆಯಿಂದ ಎಂದು ಹೇಳುವ ಹಾಗಿದ್ದರೆ ಎಷ್ಟು ಚೆನ್ನಾಗಿತ್ತು.

ತಾಯಿಯ ಮನಸ್ಸು ಮಾತ್ರ ನಿಜವಾಗಿ ಬದಲಾಯಿತು. ಮೊದಲು ಬೇರೆ ಲೋಟದಲ್ಲಿ ಕೊಡುತ್ತಿದ್ದ ಕಾಫಿಯನ್ನು ಅವರು ಆಮೇಲೆ ಮನೆಯ ಲೋಟದಲ್ಲೇ ಕೊಡತೊಡಗಿದರು. ಪಿಳ್ಳಪ್ಪನವರು ಕೆರೆಯ ಪಕ್ಕ ಉಳಿದಿದ್ದ ತುಂಡು ಹೊಲದಿಂದ ಸೊಗಡಿನ ಅವರೆಕಾಯಿ ತರುತ್ತಿದ್ದರು. ಇಬ್ಬರೂ ಅವರೆಕಾಯಿಯ ಬಗ್ಗೆ, ಪಿಳ್ಳಪ್ಪನವರ ಸೊಸೆಯರ ಬಗ್ಗೆ ಮಾತಾಡುತ್ತಿದ್ದರು. "ಊರಲ್ಲಿ ಹೇಳಿದ್ರೆ ನಂಬಾಕಿಲ್ಲ ಅಮ್ಮಾರೇ," ಎಂದರು ಒಂದು ದಿನ. "ನಮ್ ಹೊಲ್ದಾಗೆ ಕಟ್ಟಿರೋ ಮನೇಲಿ ನನ್ನ ಒಳಿಕ್ ಕರ್ದು ಕೂರಿಸ್ತಾರೆ ಅಂದ್ರೆ, ಹೋಗ್ ಹೋಗ್ಲಾ ಅಂತಾರೆ." ಹೊಲ ಹೋದ ಮೇಲೆ ಆ ಹಿರಿಯರಿಗೆ ಉಳಿದಿದ್ದ ಹೆಮ್ಮೆ ಅದೊಂದೇ ಎಂದು ನನಗೆ ಗೊತ್ತಾದದ್ದು ಆಗಲೇ. ಗೊತ್ತಾಗಿಯೂ ನಾನು, ಸ್ವಲ್ಪ ಹಿಂದಕ್ಕೆ ಸರಿದು ಗೋಡೆಗೆ ಒರಗಿ ಕೂರಿ ಪಿಳ್ಳಪ್ಪನವರೇ, ಎಂದೆ. ಅವರು ಉಪಚಾರವೆಂದು ತಿಳಿದು ಒರಗಿದರು. ಬಿಸಿಲು ಕಾಲ ಬಂದಾಗ, ಗಾಳಿಗೆ ಶೀತವಾದೀತು, ಕಂಬಳಿ ಇರಲಿ, ಎಂದೂ ಹೇಳಿದೆ.

ಒಂದು ಭಾನುವಾರ ರಾಮು ಬಂದಿದ್ದ. ಸೆಖೆ. ಪಿಳ್ಳಪ್ಪನವರು ತಡೆಯಲಾರದೆ ಕಂಬಳಿ ತೆಗೆದು ಕಿಟಕಿಯ ಬಳಿ ಹೋಗಿ ಕೂತರು. ಮೃದಂಗ ಗುಂಯ್ ಎಂದಿತು.

"ಏನೋ ಶೀನಿ, ನಿನ್ನ ಸೌಂಡ್‌ಪ್ರೂಫ್ ಎದ್ದು ಓಡಾಡ್ತಿದೆಯಲ್ಲೋ," ಎಂದು ರಾಮು ನಕ್ಕ.

"ಏನಂದ್ರು ಸಾಮಿ?" ಎಂದರು ಪಿಳ್ಳಪ್ಪ.

ರಾಮುವಿಗೆ ಕೆಟ್ಟ ಉದ್ದೇಶವಿರಲಿಲ್ಲ. ಅವರಿಗೆ ಮೊದಲೇ ಗೊತ್ತಿದೆಯೆಂದು ಅವನು ತಿಳಿದಿದ್ದ. "ಏನಿಲ್ಲ ಯಜಮಾನ್ರೆ. ನೀವು ಮೂಲೇಲಿ ಕಂಬಳಿ ಹೊದ್ದು ಕೂತ್ರೆ ಹಾಡು ಚೆನ್ನಾಗಿ ಕೇಳುತ್ತೆ. ಹಾಸಿಗೆ ಸುತ್ತಿಟ್ಟ ಹಾಗೆ. ಇವನೇ ಕಂಡುಹಿಡಿದದ್ದು, ನೀವು ಬಂದ ಮೊದಲನೇ ದಿನಾನೇ."

ಅವರು ನನ್ನ ಕಡೆ ತಿರುಗಿದರು. "ಹೌದಾ ಸಾಮಿ?"

ತಮಾಷೆ ಮಾಡುತ್ತಾನೆ ಬಿಡಿ, ಎನ್ನಬಹುದಿತ್ತು. ಹೌದು, ತಪ್ಪಾಯಿತು, ಎನ್ನಬಹುದಿತ್ತು. ನಾನು ಬಗ್ಗಿ ಆಂಪ್ಲಿಫೈಯರಿನ ತಿರುಗಣೆಯನ್ನು ಸುಮ್ಮನೆ ಮುಟ್ಟಿದೆ, ಏನೋ ಸರಿಪಡಿಸುವವನ ಹಾಗೆ.

ಪಿಳ್ಳಪ್ಪನವರು ಕಂಬಳಿ ಹೊದ್ದುಕೊಂಡರು. ಮೂಲೆಗೆ ಹೋಗಿ ಗೋಡೆಗೆ ಒರಗಿ ಕೂತರು. ಬೆವರು ಸುರಿಯುತ್ತಿತ್ತು. ಪ್ಲೇಟಿನ ಆ ಮಗ್ಗುಲು ಮುಗಿಯುವವರೆಗೆ ಅಲುಗಾಡಲಿಲ್ಲ. ಮುಗಿದ ಮೇಲೆ ಎದ್ದು, ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಅದೇ ಜಾಗದಲ್ಲಿಟ್ಟರು.

"ನಿಮ್ಗೆ ಇದಿದ್ರೆ ಸಾಕಲ್ವಾ ಸಾಮಿ. ಇಟ್ಕೊಳ್ಳಿ. ನಂಗೆ ಗೇಟ್‌ತಾವ ನಿಂತ್ಕೊಂಡು ಅಭ್ಯಾಸ ಐತೆ."

ತಾಯಿ ಲೋಟ ಹಿಡಿದು ಬಂದರು. "ಕಾಫಿ ಕುಡಿದು ಹೋಗಪ್ಪಾ." "ಇವತ್ ಬ್ಯಾಡಿ ಅಮ್ಮಾರೇ," ಎಂದು ಅವರು ಚಪ್ಪಲಿ ಮೆಟ್ಟಿದರು.

ನಾನು ಅವರ ಹಿಂದೆ ಓಡಲಿಲ್ಲ. ರಾಮು ಪೆಚ್ಚುಮೋರೆ ಹಾಕಿಕೊಂಡು ಹೊರಟ ಮೇಲೆ ನಾನು ಮಾಡಿದ್ದೇನೆಂದು ಹೇಳುತ್ತೇನೆ. ಎರಡು ಮೊಳೆ ಹೊಡೆದು ಆ ಕಂಬಳಿಯನ್ನು ಮೂಲೆಗೆ ತೂಗುಹಾಕಿ, ಮತ್ತೆ ಪ್ಲೇಟು ಹಾಕಿ ಕೇಳಿದೆ.

ಚೆನ್ನಾಗಿತ್ತು. ಅವರು ಕೂತಿದ್ದಾಗ ಎಷ್ಟು ಚೆನ್ನಾಗಿತ್ತೋ ಅಷ್ಟೇ. ನನಗೆ ಬೇಕಾಗಿದ್ದದ್ದು ಸಂತೆಯಲ್ಲಿ ಸಿಗುವ ಒಂದು ಕಂಬಳಿ. ಪಿಳ್ಳಪ್ಪನವರನ್ನು ಮನೆಯೊಳಗೆ ಕೂರಿಸಿಕೊಳ್ಳಲು ನನಗೆ ಯಾವ ಕಾರಣದ ಅಗತ್ಯವೂ ಇರಲಿಲ್ಲ, ಸುಮ್ಮನೆ ಕೂರಿಸಿಕೊಳ್ಳಬಹುದಿತ್ತು. ಮೊದಲ ದಿನ ಹಾಗೆಯೇ ಕೂರಿಸಿಕೊಂಡಿದ್ದೆ ಕೂಡ.

ತಾಯಿಗೆ ರಾಮುವಿನ ಮಾತು ಅಡುಗೆಮನೆಗೇ ಕೇಳಿಸಿತ್ತು. ಮರುದಿನ ಬೆಳಿಗ್ಗೆ ಅವರು ಮೊಳೆಯಿಂದ ಕಂಬಳಿ ಇಳಿಸಿ, ಕಂಕುಳಲ್ಲಿ ಇಟ್ಟುಕೊಂಡು, ಒಬ್ಬರೇ ಸಾರಕ್ಕಿಗೆ ನಡೆದುಹೋದರು. ಬಂದು ಕಾಲು ತೊಳೆದುಕೊಂಡು, ನಾನು ಕೇಳದಿದ್ದರೂ ಹೇಳಿದರು: "ಒಳಗೆ ಕರೆದು ಚಾಪೆ ಹಾಕಿ ಕೂರಿಸಿದ್ರು. ಸೊಸೆ ಹಾಲು ಕೊಟ್ಟಳು. ಕುಡಿದೆ."

"ನನ್ನ ವಿಷಯ ಏನಾದ್ರೂ ಕೇಳಿದ್ರಾ?"

"ಇಲ್ಲ ಕಣೋ."

ಆ ಚಳಿಗಾಲದಲ್ಲೂ, ಅದರ ಮುಂದಿನ ಕೆಲವು ಚಳಿಗಾಲಗಳಲ್ಲೂ ಅವರೆಕಾಯಿ ಬಂತು. ಪಿಳ್ಳಪ್ಪನವರು ಗೇಟಿನ ಹೊರಗೇ ನಿಂತು "ಅಮ್ಮಾರೇ" ಎಂದು ಕರೆಯುತ್ತಿದ್ದರು. ತಾಯಿ ಎಷ್ಟು ಹೇಳಿದರೂ ಒಳಗೆ ಬರಲಿಲ್ಲ. ಕರೆಯಬೇಕಾಗಿದ್ದವನು ನಾನು, ಅದು ಮೂವರಿಗೂ ಗೊತ್ತಿತ್ತು. ನಾನು ಕೋಣೆಯಲ್ಲಿ ಕೂತು ಸ್ಪೀಕರಿನ ಸದ್ದು ಏರಿಸುತ್ತಿದ್ದೆ. ಬರಿಗೋಡೆಯ ಕೋಣೆ ಗುಂಯ್ ಎನ್ನುತ್ತಿತ್ತು, ಹಾಡಿನ ಒಂದು ಅಕ್ಷರವೂ ತಿಳಿಯುತ್ತಿರಲಿಲ್ಲ. ಅಷ್ಟು ಗದ್ದಲದೊಳಗೂ ಗೇಟಿನಲ್ಲಿ ಅವರು ತಾಯಿಯೊಡನೆ ಆಡುವ ಮಾತು ಮಾತ್ರ ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.